ಚಳಿಗಾಲವಿಡೀ ಹೊರಗೆ ನಿಲ್ಲುವ ಕಾರು: ಚಳಿಗಿಂತ ನೀರಿನ ಕಾಟವೇ ಜಾಸ್ತಿ

ಹಿಮ ಬೀಳುವ ನಾಡಿನಲ್ಲಿ ಮೊದಲ ಸಲ ಕಾರನ್ನು ಬಯಲಲ್ಲಿ ಬಿಟ್ಟು ಮೂರು ತಿಂಗಳು ಬೇರೆ ಕಡೆ ಹೋಗಿದ್ದೆ. ವಾಪಸ್ ಬಂದು ನೋಡಿದರೆ ಮೇಲುನೋಟಕ್ಕೆ ಎಲ್ಲ ಸರಿಯಾಗಿಯೇ ಇತ್ತು. ಗಾಜು ಒಡೆದಿರಲಿಲ್ಲ, ಬಣ್ಣ ಹೋಗಿರಲಿಲ್ಲ. ಕೀ ತಿರುಗಿಸಿದೆ. 'ಟಿಕ್' ಅನ್ನುವ ಸದ್ದೂ ಬರಲಿಲ್ಲ. ಬಾನೆಟ್ ಎತ್ತಿ ನೋಡಿದೆ. ಬ್ಯಾಟರಿಯ ಎರಡೂ ಪಕ್ಕ ಹೊರಗೆ ಉಬ್ಬಿದ್ದವು. ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು. ಒಳಗಿನ ದ್ರವ ಗಡ್ಡೆಕಟ್ಟಿ ಡಬ್ಬಿಯನ್ನೇ ಸೀಳಿತ್ತು.

ಚಳಿ ಜಾಸ್ತಿಯಾಗಿ ಹೀಗಾಯಿತು ಅಂದುಕೊಂಡೆ. ಮೆಕ್ಯಾನಿಕ್ ತಲೆ ಅಲ್ಲಾಡಿಸಿದರು. ಪೂರ್ತಿ ಚಾರ್ಜ್ ಇದ್ದ ಬ್ಯಾಟರಿ ಆ ಚಳಿಗೆ ಹೆಪ್ಪುಗಟ್ಟುವುದೇ ಇಲ್ಲವಂತೆ. ಮೊದಲು ಅದು ಖಾಲಿಯಾಗಿದೆ, ಖಾಲಿಯಾದ ಮೇಲೆ ಗಡ್ಡೆಯಾಗಿದೆ. ಆ ವಿವರಣೆ ಕೇಳಿದ ಮೇಲೆ ಕಾರಿನ ಉಳಿದ ಭಾಗಗಳ ಕಥೆಯೂ ಹೆಚ್ಚುಕಡಿಮೆ ಅದೇ ಎಂದು ಗೊತ್ತಾಗುತ್ತಾ ಹೋಯಿತು. ಶೆಡ್ಡು, ಗ್ಯಾರೇಜು ಇಲ್ಲದೆ ಕಾರನ್ನು ಹೊರಗೇ ಬಿಡಬೇಕಾದವರಿಗೆ ಈ ಲೇಖನ.

ನಿಂತ ಕಾರಿಗೆ ಏನಾಗುತ್ತದೆ?

ದಿನಾ ಓಡುವ ಕಾರು ತನ್ನನ್ನು ತಾನೇ ಒಣಗಿಸಿಕೊಳ್ಳುತ್ತದೆ. ಎಂಜಿನ್ ಬಿಸಿಯಾಗುತ್ತದೆ, ಸೈಲೆನ್ಸರ್ ಬಿಸಿಯಾಗುತ್ತದೆ, ಬ್ರೇಕು ಉಜ್ಜಿ ಬಿಸಿಯಾಗುತ್ತದೆ. ಆ ಬಿಸಿಗೆ ಅಲ್ಲಲ್ಲಿ ಕೂತ ತೇವ ಆರಿಹೋಗುತ್ತದೆ. ಬ್ಯಾಟರಿಗೂ ಓಡುವಾಗಲೇ ಚಾರ್ಜ್ ಸಿಗುತ್ತದೆ. ನಿಂತ ಕಾರಿಗೆ ಇದ್ಯಾವುದೂ ಇಲ್ಲ. ಹಾಗಾಗಿ ತೇವ ಎಲ್ಲಿ ಕೂತಿದೆಯೋ ಅಲ್ಲೇ ಉಳಿಯುತ್ತದೆ. ಲೋಹದ ಮೇಲೆ ಉಳಿದರೆ ತುಕ್ಕು, ಬಟ್ಟೆಯ ಮೇಲೆ ಉಳಿದರೆ ಬೂಷ್ಟು, ಮುಚ್ಚಿದ ಜಾಗದಲ್ಲಿ ಉಳಿದು ಗಡ್ಡೆಯಾದರೆ ಬಿರುಕು. ನೀರು ಮಂಜುಗಡ್ಡೆಯಾಗುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಬಾಯಿತನಕ ನೀರು ತುಂಬಿದ ಗಾಜಿನ ಬಾಟಲಿಯನ್ನು ಫ್ರೀಜರಿನಲ್ಲಿ ಮರೆತವರಿಗೆ ಈ ಶೇ. 9ರ ಬಲ ಗೊತ್ತಿರುತ್ತದೆ.

ಇಲ್ಲಿ ಎರಡು ವಿಷಯ ತಿಳಿದಿರಲಿ. ಹವಾಮಾನ ವರದಿಯಲ್ಲಿ 'ಮೈನಸ್ 10 ಇದೆ, ಗಾಳಿಯಿಂದಾಗಿ ಮೈನಸ್ 20 ಅನ್ನಿಸುತ್ತದೆ' ಎಂದು ಹೇಳುತ್ತಾರೆ. ಆ 'ಅನ್ನಿಸುವುದು' ನಮ್ಮ ಮೈಗೆ ಮಾತ್ರ, ಕಾರಿಗಲ್ಲ. ಗಾಳಿ ಬೀಸಿದರೆ ಕಾರು ಬೇಗ ತಣ್ಣಗಾಗುತ್ತದೆ, ಆದರೆ ಆ ಗಾಳಿ ಕಾರನ್ನು ಮೈನಸ್ 10ಕ್ಕಿಂತ ಕೆಳಗೆ ಇಳಿಸಲಾರದು. ಹಾಗಾಗಿ ಕೂಲಂಟ್ (ಎಂಜಿನ್ನನ್ನು ತಣ್ಣಗಿಡುವ ದ್ರವ) ಲೆಕ್ಕ ಹಾಕುವಾಗ ನಿಜವಾದ ತಾಪಮಾನವನ್ನೇ ನೋಡಿ.

ಇನ್ನೊಂದು, ಮೋಡವಿಲ್ಲದ ರಾತ್ರಿಯ ವಿಷಯ. ಆಕಾಶ ತಿಳಿಯಾಗಿದ್ದಾಗ ಕಾರಿನ ಚಾವಣಿ ತನ್ನ ಶಾಖವನ್ನು ನೇರ ಮೇಲಕ್ಕೆ ಬಿಟ್ಟುಕೊಡುತ್ತದೆ. ಆಗ ಮಾತ್ರ ಅದು ಸುತ್ತಲಿನ ಗಾಳಿಗಿಂತಲೂ ತುಸು ತಣ್ಣಗಾಗುತ್ತದೆ. ಗಾಳಿಯಲ್ಲಿನ ತೇವ ಬಂದು ಅದರ ಮೇಲೆ ಕೂರುತ್ತದೆ. ಮಳೆ, ಹಿಮ ಏನೂ ಇಲ್ಲದ ರಾತ್ರಿಯಲ್ಲೂ ಬೆಳಗ್ಗೆ ಕಾರು ತೊಯ್ದಿರುವುದು ಹೀಗೆ. ಮೇಲೆ ಒಂದು ಸೂರು ಅಡ್ಡವಿದ್ದರೂ ಈ ಕಾಟ ಎಷ್ಟೋ ಕಡಿಮೆ.

ಬ್ಯಾಟರಿ: ಖಾಲಿಯಾದರೆ ಅದೂ ನೀರೇ

ಸಾಮಾನ್ಯ ಕಾರಿನ 12 ವೋಲ್ಟ್ ಬ್ಯಾಟರಿಯೊಳಗೆ ಸೀಸದ ತಟ್ಟೆಗಳಿರುತ್ತವೆ. ಅವು ಮುಳುಗಿರುವುದು ನೀರು ಬೆರೆತ ಗಂಧಕಾಮ್ಲದಲ್ಲಿ. ಬ್ಯಾಟರಿ ಕರೆಂಟು ಕೊಡುತ್ತಾ ಹೋದಂತೆ ಆಮ್ಲ ಮೆಲ್ಲಗೆ ತಟ್ಟೆಗಳಿಗೆ ಸೇರಿಕೊಳ್ಳುತ್ತದೆ, ಉಳಿಯುವ ದ್ರವ ತೆಳ್ಳಗಾಗುತ್ತದೆ. ಚಾರ್ಜ್ ಮಾಡಿದಾಗ ಆಮ್ಲ ಮತ್ತೆ ದ್ರವಕ್ಕೆ ವಾಪಸ್ ಬರುತ್ತದೆ. ಅಂದರೆ ತುಂಬಿದ ಬ್ಯಾಟರಿಯಲ್ಲಿರುವುದು ಗಟ್ಟಿ ಆಮ್ಲ. ಖಾಲಿ ಬ್ಯಾಟರಿಯಲ್ಲಿರುವುದು ಬಹುಪಾಲು ನೀರು.

ಉಪ್ಪು ಕರಗಿದ ನೀರು ಬೇಗ ಗಡ್ಡೆಯಾಗುವುದಿಲ್ಲ, ಅಲ್ವಾ? ಆಮ್ಲವೂ ಹಾಗೆಯೇ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಹೆಪ್ಪುಗಟ್ಟಲು ಮೈನಸ್ 60 ಡಿಗ್ರಿಯ ಆಸುಪಾಸಿನ ಚಳಿ ಬೇಕು. ಪೂರ್ತಿ ಖಾಲಿಯಾದದ್ದು ಸುಮಾರು ಮೈನಸ್ 7ಕ್ಕೇ ಗಡ್ಡೆಯಾಗುತ್ತದೆ. ನನ್ನ ಬ್ಯಾಟರಿ ಸೀಳಿದ್ದು ಇದರಿಂದಲೇ.

ಹಾಗಾದರೆ ನಿಂತ ಕಾರಿನ ಬ್ಯಾಟರಿ ಖಾಲಿಯಾಗುವುದು ಹೇಗೆ? ಕೀ ತೆಗೆದ ಮೇಲೂ ಕಾರು ಪೂರ್ತಿ ಮಲಗುವುದಿಲ್ಲ. ಗಡಿಯಾರ, ಕಳ್ಳತನದ ಅಲಾರ್ಮ್, ರಿಮೋಟ್ ಕೀಯ ಸಂಕೇತಕ್ಕೆ ಕಾಯುವ ರಿಸೀವರ್, ಕಂಪ್ಯೂಟರುಗಳ ನೆನಪು, ಇವೆಲ್ಲ ಚೂರುಚೂರು ಕರೆಂಟು ಎಳೆಯುತ್ತಲೇ ಇರುತ್ತವೆ. ಒಟ್ಟು 30 ಮಿಲಿಆಂಪಿಯರ್ ಎಂದಿಟ್ಟುಕೊಳ್ಳಿ. ದಿನಕ್ಕೆ 0.72 ಆಂಪಿಯರ್ ಅವರ್ (ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಎನ್ನುವ ಅಳತೆ) ಹೋಯಿತು. ಎರಡು ತಿಂಗಳಿಗೆ ಸುಮಾರು 43. ನಿಮ್ಮ ಬ್ಯಾಟರಿ 50 ಆಂಪಿಯರ್ ಅವರಿನದಾದರೆ ಅಲ್ಲಿಗೆ ಮುಗಿಯಿತು. ನಲ್ಲಿ ತೊಟ್ಟಿಕ್ಕಿದರೆ ಒಂದು ಲೋಟಕ್ಕೆ ಲೆಕ್ಕವಿಲ್ಲ, ಎರಡು ತಿಂಗಳು ತೊಟ್ಟಿಕ್ಕಿದರೆ ತೊಟ್ಟಿಯೇ ಬರಿದು.

ಖಾಲಿ ಬಿದ್ದ ಬ್ಯಾಟರಿಗೆ ಇನ್ನೊಂದು ರೋಗವೂ ಬರುತ್ತದೆ. ತಟ್ಟೆಗಳಿಗೆ ಸೇರಿಕೊಂಡ ಗಂಧಕದ ಅಂಶ ವಾರಗಟ್ಟಲೆ ಹಾಗೇ ಇದ್ದರೆ ಗಟ್ಟಿ ಹರಳಾಗುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಆ ಹರಳು ಪೂರ್ತಿ ಕರಗುವುದಿಲ್ಲ. ಗಡ್ಡೆಯಾಗದೆ ಉಳಿದ ಬ್ಯಾಟರಿಯೂ ಮೊದಲಿನ ಕಸುವು ಕಳೆದುಕೊಳ್ಳುವುದು ಇದರಿಂದ.

ದಾರಿ ಮೂರಿವೆ. ಬ್ಯಾಟರಿ ಬಿಚ್ಚಿ ಮನೆಯೊಳಗೆ ಇಡಬಹುದು. ಕಾರು ನಿಂತ ಜಾಗದಲ್ಲಿ ಕರೆಂಟು ಸಿಗುವುದಾದರೆ ಮೇಂಟೈನರ್ ಎನ್ನುವ ಸಣ್ಣ ಚಾರ್ಜರ್ ಹಾಕಿಡಬಹುದು. ಅದು ಬ್ಯಾಟರಿ ತುಂಬಿದ ಮೇಲೆ ತಾನೇ ತಗ್ಗಿಕೊಂಡು, ಬೇಕಾದಾಗ ಚೂರು ಚಾರ್ಜ್ ಕೊಡುತ್ತದೆ. ಮಾಮೂಲಿ ಚಾರ್ಜರನ್ನು ತಿಂಗಳುಗಟ್ಟಲೆ ಹಾಗೇ ಬಿಡಬೇಡಿ, ಅದು ತುಂಬಿದ ಬ್ಯಾಟರಿಯನ್ನೂ ಕುದಿಸುತ್ತಲೇ ಇರುತ್ತದೆ. ಎರಡೂ ಆಗದಿದ್ದರೆ ಪೂರ್ತಿ ಚಾರ್ಜ್ ಮಾಡಿಸಿ ಮೈನಸ್ ತಂತಿಯನ್ನು ಬಿಚ್ಚಿಡಿ. ಕಾರು ಎಳೆಯುವ ಕರೆಂಟು ನಿಲ್ಲುತ್ತದೆ. ಬ್ಯಾಟರಿಯ ಚಾರ್ಜ್ ತಾನಾಗಿ ಸೋರುವುದು ಚಳಿಯಲ್ಲಿ ತುಂಬಾ ನಿಧಾನ, ಹಾಗಾಗಿ ಒಳ್ಳೆಯ ಬ್ಯಾಟರಿ ಒಂದು ಚಳಿಗಾಲವನ್ನು ಹೀಗೆ ಕಳೆದೀತು.

ಬಿಚ್ಚುವಾಗ ಮೊದಲು ಮೈನಸ್, ಜೋಡಿಸುವಾಗ ಕೊನೆಗೆ ಮೈನಸ್. ಕಾರಿನ ಮೈಯೆಲ್ಲ ಮೈನಸ್‌ಗೆ ಸೇರಿಕೊಂಡಿರುತ್ತದೆ. ಪ್ಲಸ್ ಬಿಚ್ಚುವ ಸ್ಪ್ಯಾನರು ತಪ್ಪಿ ಕಾರಿನ ಮೈಗೆ ತಗುಲಿದರೆ ದೊಡ್ಡ ಕಿಡಿ ಹಾರುತ್ತದೆ. ಮೈನಸ್ ಮೊದಲೇ ಬಿಚ್ಚಿದ್ದರೆ ಆ ಭಯವಿಲ್ಲ. ಬಿಚ್ಚುವ ಮೊದಲು ಎರಡು ವಿಷಯ ನೋಡಿಕೊಳ್ಳಿ: ಸ್ಟೀರಿಯೋಗೆ ಕೋಡ್ ಬೇಕಾ, ಮತ್ತು ಕರೆಂಟಿಲ್ಲದೆ ಬಾಗಿಲು ತೆರೆಯುವ ಕೀ ನಿಮ್ಮ ಹತ್ತಿರ ಇದೆಯಾ. ಬ್ಯಾಟರಿ ಡಿಕ್ಕಿಯಲ್ಲಿದ್ದು ಡಿಕ್ಕಿ ತೆರೆಯಲು ಕರೆಂಟೇ ಬೇಕು ಅನ್ನುವ ಕಾರುಗಳೂ ಇವೆ.

ಅಳೆಯಲು ಒಂದು ಸಣ್ಣ ಮಲ್ಟಿಮೀಟರ್ ಸಾಕು. ಕೆಲವು ಗಂಟೆ ಸುಮ್ಮನಿದ್ದ ಬ್ಯಾಟರಿ 12.6 ವೋಲ್ಟ್ ಅಥವಾ ತುಸು ಮೇಲೆ ತೋರಿಸಿದರೆ ತುಂಬಿದೆ ಎಂದರ್ಥ. 12.4 ಅಂದರೆ ಮುಕ್ಕಾಲು. 12.0 ಅಂದರೆ ಕಾಲು ಭಾಗ ಮಾತ್ರ ಉಳಿದಿದೆ. 12 ಅಂಕಿ ನೋಡಿ '12 ವೋಲ್ಟ್ ಬ್ಯಾಟರಿ ತಾನೇ, ಸರಿಯಾಗಿದೆ' ಅಂದುಕೊಳ್ಳುವವರೇ ಜಾಸ್ತಿ.

ಮತ್ತೊಂದು ಎಚ್ಚರಿಕೆ. ಹೆಪ್ಪುಗಟ್ಟಿದ ಬ್ಯಾಟರಿಗೆ ಚಾರ್ಜರ್ ಹಾಕಬೇಡಿ, ಬೇರೆ ಕಾರಿನಿಂದ ಕೇಬಲ್ ಕೊಟ್ಟು ಸ್ಟಾರ್ಟ್ ಮಾಡಲೂ ಹೋಗಬೇಡಿ. ಅದು ಸಿಡಿಯಬಹುದು. ಪಕ್ಕ ಉಬ್ಬಿದ್ದರೆ ಅದನ್ನು ಬದಲಾಯಿಸುವುದೇ ಸರಿ.

ವಾರಕ್ಕೊಮ್ಮೆ ಸುಮ್ನೆ ಸ್ಟಾರ್ಟ್ ಮಾಡಿದರೆ ಆಗಲ್ವಾ?

ಎಲ್ಲರೂ ಕೊಡುವ ಸಲಹೆ ಇದು. 'ಪಕ್ಕದ ಮನೆಯವರಿಗೆ ಕೀ ಕೊಟ್ಟು ಹೋಗಿ, ವಾರಕ್ಕೊಮ್ಮೆ ಐದು ನಿಮಿಷ ಎಂಜಿನ್ ಓಡಿಸಲಿ.' ಒಳ್ಳೆಯ ಮನಸ್ಸಿನಿಂದ ಹೇಳುವ ಮಾತೇ. ಆದರೆ ಇದರಿಂದ ಕೆಡುಕೇ ಜಾಸ್ತಿ.

ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರ್ ನೀರು ಹುಟ್ಟುತ್ತದೆ. ಮೊದಲ ಸಲ ಕೇಳಿದಾಗ ನನಗೆ ನಂಬಲಾಗಲಿಲ್ಲ. ಪೆಟ್ರೋಲಿನಲ್ಲಿರುವ ಹೈಡ್ರೋಜನ್ ಗಾಳಿಯ ಆಮ್ಲಜನಕದ ಜೊತೆ ಸೇರಿದರೆ ಆಗುವುದು ನೀರೇ. ಬಿಸಿ ಎಂಜಿನ್ನಿನಲ್ಲಿ ಅದು ಆವಿಯಾಗಿ ಹೊರಗೆ ಹೋಗುತ್ತದೆ, ನಮ್ಮ ಕಣ್ಣಿಗೆ ಬೀಳುವುದಿಲ್ಲ. ಚಳಿಯಲ್ಲಿ ಐದು ನಿಮಿಷ ಓಡಿದ ಎಂಜಿನ್ನಿನ ಸೈಲೆನ್ಸರ್ ಇನ್ನೂ ತಣ್ಣಗೇ ಇರುತ್ತದೆ. ಆವಿ ಅಲ್ಲೇ ಹನಿಯಾಗಿ ಕೂರುತ್ತದೆ. ತಣ್ಣನೆಯ ಪಾತ್ರೆಯನ್ನು ಕುದಿಯುವ ನೀರಿನ ಮೇಲೆ ಹಿಡಿದಂತೆ. ಕೊಂಚ ನೀರು ಎಂಜಿನ್ ಆಯಿಲ್‌ಗೂ ಸೇರುತ್ತದೆ. ಆಯಿಲ್ ಚೆನ್ನಾಗಿ ಕಾದರೆ ಮಾತ್ರ ಅದು ಆರುತ್ತದೆ, ಐದು ನಿಮಿಷಕ್ಕೆ ಅದು ಕಾಯುವುದೇ ಇಲ್ಲ. ಹೀಗೆ ವಾರ ವಾರವೂ ಒಳಗೆ ನೀರು ತುಂಬಿದಂತಾಯಿತು.

ಬ್ಯಾಟರಿಗಾದರೂ ಲಾಭ ಉಂಟಾ ಅಂದರೆ, ಅದೂ ಇಲ್ಲ. ಚಳಿಯಲ್ಲಿ ಆಯಿಲ್ ದಪ್ಪಗಾಗಿರುತ್ತದೆ, ಎಂಜಿನ್ ತಿರುಗಿಸಲು ಜಾಸ್ತಿ ಬಲ ಬೇಕು. ಅದೇ ಹೊತ್ತಿಗೆ ಬ್ಯಾಟರಿಯ ಬಲ ತಗ್ಗಿರುತ್ತದೆ. ಬ್ಯಾಟರಿಯ ಮೇಲೆ 'ಸಿಸಿಎ' ಎಂಬ ಅಂಕಿ ಇರುವುದು ಇದಕ್ಕೇ. ಮೈನಸ್ 18 ಡಿಗ್ರಿಯಲ್ಲಿ ಅದು 30 ಸೆಕೆಂಡು ಎಷ್ಟು ಕರೆಂಟು ಕೊಡಬಲ್ಲದು ಎನ್ನುವ ಲೆಕ್ಕ ಅದು. ತಣ್ಣಗಾದ ಬ್ಯಾಟರಿ ಚಾರ್ಜನ್ನೂ ನಿಧಾನವಾಗಿ ತೆಗೆದುಕೊಳ್ಳುತ್ತದೆ. ಖರ್ಚಾದದ್ದು ಐದು ನಿಮಿಷದಲ್ಲಿ ವಾಪಸ್ ಬರುವುದಿಲ್ಲ.

ಸ್ಟಾರ್ಟ್ ಮಾಡುವುದಾದರೆ ರಸ್ತೆಗೆ ಇಳಿಸಿ ಅರ್ಧ ಗಂಟೆಯಾದರೂ ಓಡಿಸಬೇಕು. ಅದು ಆಗದಿದ್ದರೆ ಮುಟ್ಟದೇ ಬಿಡುವುದು ವಾಸಿ. ಯಾರಾದರೂ ಸ್ಟಾರ್ಟ್ ಮಾಡುವುದೇ ಆದರೆ ಮೊದಲು ಸೈಲೆನ್ಸರಿನ ಬಾಯಿ ಹಿಮದಲ್ಲಿ ಹೂತಿದೆಯಾ ನೋಡಲು ಹೇಳಿ. ಹೂತಿದ್ದರೆ ಹೊಗೆ ಕಾರಿನೊಳಗೆ ನುಗ್ಗುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಜೀವವನ್ನೇ ತೆಗೆಯುತ್ತದೆ.

ಕೂಲಂಟ್: ಜಾಸ್ತಿ ಹಾಕಿದರೆ ಒಳ್ಳೆಯದಲ್ಲ

ಎಂಜಿನ್ನಿನ ಸುತ್ತ ಹರಿದು ಅದನ್ನು ತಣ್ಣಗಿಡುವ ದ್ರವವೇ ಕೂಲಂಟ್. ಸಾಮಾನ್ಯವಾಗಿ ಅದರಲ್ಲಿ ನೀರಿನ ಜೊತೆ ಎಥಿಲೀನ್ ಗ್ಲೈಕಾಲ್ ಬೆರೆತಿರುತ್ತದೆ. ಬೆಚ್ಚಗಿನ ನಾಡಿನಲ್ಲಿ ರೇಡಿಯೇಟರಿಗೆ ಬರೀ ನೀರು ಹಾಕಿ ಓಡಿಸಿ ರೂಢಿಯಾದವರು ಇಲ್ಲಿ ಹುಷಾರಾಗಿರಬೇಕು. ಬರೀ ನೀರು ಹೆಪ್ಪುಗಟ್ಟಿದರೆ ರೇಡಿಯೇಟರ್ ಒಡೆಯಬಹುದು, ಎಂಜಿನ್ ಬ್ಲಾಕೇ ಬಿರುಕು ಬಿಡಬಹುದು.

ಅರ್ಧ ನೀರು, ಅರ್ಧ ಗ್ಲೈಕಾಲ್ ಬೆರೆಸಿದರೆ ಸುಮಾರು ಮೈನಸ್ 37 ಡಿಗ್ರಿವರೆಗೆ ಅದು ಗಟ್ಟಿಯಾಗುವುದಿಲ್ಲ. ಹಾಗಾದರೆ ಪೂರ್ತಿ ಗ್ಲೈಕಾಲನ್ನೇ ಹಾಕಿಬಿಡೋಣ ಅನ್ನಿಸಬಹುದು. ಬರೀ ಗ್ಲೈಕಾಲ್ ಸುಮಾರು ಮೈನಸ್ 13ಕ್ಕೇ ಹೆಪ್ಪುಗಟ್ಟುತ್ತದೆ! ಬೆರೆತಾಗ ನೀರಿನ ಕಣಗಳು ಸಾಲುಗೂಡಿ ಹರಳಾಗಲು ಗ್ಲೈಕಾಲ್ ಬಿಡುವುದಿಲ್ಲ, ಗ್ಲೈಕಾಲ್ ಹರಳಾಗಲು ನೀರು ಬಿಡುವುದಿಲ್ಲ. ಎರಡೂ ಜೊತೆಗಿದ್ದಾಗಲೇ ಆ ಗುಣ.

ನಿಮ್ಮ ಕಾರಿನ ಕೂಲಂಟ್ ಎಷ್ಟು ಚಳಿ ತಡೆಯುತ್ತದೆ ಎಂದು ಅಳೆಯುವ ಸಣ್ಣ ಸಾಧನಗಳಿವೆ, ಮೆಕ್ಯಾನಿಕ್ ಬಳಿ ಇದ್ದೇ ಇರುತ್ತವೆ. ನಿಲ್ಲಿಸುವ ಮೊದಲು ಒಮ್ಮೆ ನೋಡಿಸಿ. ಗ್ಲೈಕಾಲ್ ಸಿಹಿಯಾಗಿರುತ್ತದೆ, ಆದರೆ ವಿಷ. ಸೋರಿ ನೆಲಕ್ಕೆ ಬಿದ್ದದ್ದನ್ನು ನಾಯಿ, ಬೆಕ್ಕು ನೆಕ್ಕಿದರೆ ಉಳಿಯುವುದು ಕಷ್ಟ. ಚೆಲ್ಲಿದ್ದನ್ನು ಆಗಲೇ ತೊಳೆದುಬಿಡಿ.

ಗಾಜು ತೊಳೆಯುವ ವಾಷರ್ ಡಬ್ಬಿಯನ್ನು ಜನ ಮರೆಯುತ್ತಾರೆ. ಅದರಲ್ಲಿ ಬರೀ ನೀರಿದ್ದರೆ ಡಬ್ಬಿ, ಪಂಪು ಎರಡೂ ಒಡೆಯುತ್ತವೆ. ಚಳಿಗಾಲಕ್ಕೆಂದೇ ಬರುವ ದ್ರವ ತುಂಬಿಸಿ, ಒಂದೆರಡು ಸಲ ಚಿಮ್ಮಿಸಿ. ಪೈಪಿನಲ್ಲಿ ಉಳಿದ ಹಳೆಯ ನೀರು ಹೊರಗೆ ಹೋಗಲಿ.

ಟ್ಯಾಂಕು ಮತ್ತು ಆಯಿಲ್

ಟ್ಯಾಂಕ್ ತುಂಬಿಸಿ ನಿಲ್ಲಿಸಿ. ಖಾಲಿ ಜಾಗ ಕಡಿಮೆಯಿದ್ದಷ್ಟೂ ಒಳಗೆ ತೇವದ ಗಾಳಿ ಕಡಿಮೆ. ಈಗಿನ ಕಾರುಗಳ ಟ್ಯಾಂಕು ಬಿಗಿಯಾಗಿ ಮುಚ್ಚಿರುವುದರಿಂದ ಹಳೆಯ ಕಾರುಗಳಷ್ಟು ತೊಂದರೆಯಿಲ್ಲ. ಆದರೂ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿದ್ದರೆ ಅದು ತೇವವನ್ನು ಹೀರುತ್ತದೆ. ನೀರು ಒಂದು ಮಟ್ಟ ಮೀರಿದರೆ ನೀರೂ ಎಥನಾಲೂ ಒಟ್ಟಿಗೆ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಪಂಪು ಇಂಧನ ಎಳೆಯುವುದೂ ತಳದಿಂದಲೇ.

ಮೂರು ತಿಂಗಳಿಗಿಂತ ಹೆಚ್ಚು ನಿಲ್ಲಿಸುವುದಾದರೆ ಫ್ಯುಯೆಲ್ ಸ್ಟೆಬಿಲೈಸರ್ ಹಾಕಿ. ಪೆಟ್ರೋಲ್ ಗಾಳಿಯೊಡನೆ ಸೇರಿ ಜಿಗುಟಾಗುವುದನ್ನು ಅದು ನಿಧಾನ ಮಾಡುತ್ತದೆ. ಹಾಕಿದ ಮೇಲೆ ಹತ್ತಿಪ್ಪತ್ತು ನಿಮಿಷ ಓಡಿಸಿ, ಪೈಪು, ಇಂಜೆಕ್ಟರುಗಳಿಗೂ ಅದು ತಲುಪಬೇಕು. ಡೀಸೆಲ್ ಕಾರಿನ ಗೋಳು ಬೇರೆ. ಡೀಸೆಲಿನಲ್ಲಿ ಮೇಣದ ಅಂಶವಿದೆ, ಚಳಿಗೆ ಅದು ತೆಂಗಿನೆಣ್ಣೆಯಂತೆ ಗಟ್ಟಿಯಾಗಿ ಫಿಲ್ಟರಿನಲ್ಲಿ ಸಿಕ್ಕಿಕೊಳ್ಳುತ್ತದೆ. ಚಳಿ ನಾಡುಗಳ ಬಂಕುಗಳಲ್ಲಿ ಚಳಿಗಾಲದ ಡೀಸೆಲ್ ಬೇರೆಯೇ ಬರುತ್ತದೆ. ಬೇಸಿಗೆಯಲ್ಲಿ ತುಂಬಿಸಿದ್ದು ಟ್ಯಾಂಕಿನಲ್ಲಿದ್ದರೆ ಅದನ್ನು ಓಡಿಸಿ ಮುಗಿಸಿ, ಹೊಸದು ತುಂಬಿಸಿ ನಿಲ್ಲಿಸಿ.

ಎಂಜಿನ್ ಆಯಿಲ್ ಬದಲಾಯಿಸುವ ಸಮಯ ಹತ್ತಿರವಿದ್ದರೆ ನಿಲ್ಲಿಸುವ ಮೊದಲೇ ಬದಲಾಯಿಸಿ. ಓಡಿದ ಆಯಿಲಿನಲ್ಲಿ ಆಮ್ಲ, ನೀರು, ಮಸಿ ಸೇರಿರುತ್ತವೆ. ತಿಂಗಳುಗಟ್ಟಲೆ ಬೇರಿಂಗುಗಳು ಅದರಲ್ಲೇ ನೆನೆಯುವುದು ಯಾಕೆ? 5ಡಬ್ಲ್ಯೂ-30 ಎಂದು ಬರೆದಿರುತ್ತದಲ್ಲ, ಆ 'ಡಬ್ಲ್ಯೂ' ಅಂದರೆ ಚಳಿಗಾಲ. ಅದಕ್ಕೆ ಮೊದಲು ಬರುವ ಅಂಕಿ ಸಣ್ಣದಾದಷ್ಟೂ ಚಳಿಯಲ್ಲಿ ಆಯಿಲ್ ಸಲೀಸಾಗಿ ಹರಿಯುತ್ತದೆ.

ಟೈರು ಮತ್ತು ಬ್ರೇಕು

ಗಾಳಿ ತಣ್ಣಗಾದರೆ ಕುಗ್ಗುತ್ತದೆ. ತಾಪಮಾನ ಸುಮಾರು ಐದೂವರೆ ಡಿಗ್ರಿ ಇಳಿದರೆ ಟೈರಿನಲ್ಲಿ 1 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇಳಿಯುತ್ತದೆ. 20 ಡಿಗ್ರಿ ಇದ್ದಾಗ 33 ಹೊಡೆಸಿದ್ದರೆ, ಮೈನಸ್ 15ರಲ್ಲಿ ಅದು 27ರ ಹತ್ತಿರ ಬಂದಿರುತ್ತದೆ. ತೂತು ಬಿದ್ದಿಲ್ಲ, ಗಾಳಿ ಎಲ್ಲಿಗೂ ಹೋಗಿಲ್ಲ, ಆದರೂ ಟೈರು ಮೆತ್ತಗಾಯಿತು. ಅದರ ಮೇಲೆ ಕಾರಿನ ಭಾರ ಒಂದೇ ಕಡೆ ತಿಂಗಳುಗಟ್ಟಲೆ ಕೂತರೆ ಆ ಜಾಗ ಚಪ್ಪಟೆಯಾಗುತ್ತದೆ. ಓಡಿಸುವಾಗ ಗಡಗಡ ನಡುಗುತ್ತದೆ. ಸಣ್ಣ ಚಪ್ಪಟೆಯಾದರೆ ಒಂದಷ್ಟು ದೂರ ಓಡಿ ಟೈರು ಬಿಸಿಯಾದ ಮೇಲೆ ಸರಿಹೋಗುತ್ತದೆ. ಜಾಸ್ತಿಯಾದರೆ ಹಾಗೇ ಉಳಿದುಬಿಡುತ್ತದೆ.

ಅದಕ್ಕೆ ನಿಲ್ಲಿಸುವಾಗ ಮಾಮೂಲಿಗಿಂತ ಕೊಂಚ ಜಾಸ್ತಿ ಗಾಳಿ ಹೊಡೆಸಿ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಗರಿಷ್ಠ ಅಂಕಿಯನ್ನು ಮಾತ್ರ ದಾಟಬೇಡಿ. ತಿಂಗಳಿಗೊಮ್ಮೆ ಯಾರಾದರೂ ಕಾರನ್ನು ಒಂದಡಿ ಹಿಂದೆಮುಂದೆ ತಳ್ಳಿದರೂ ಸಾಕು, ಭಾರ ಬೇರೆ ಜಾಗಕ್ಕೆ ಬೀಳುತ್ತದೆ. ಟೈರಿನಡಿ ಹಲಗೆ ಇಟ್ಟರೆ ಇನ್ನೂ ಒಳ್ಳೆಯದು, ನೀರು ನಿಂತು ಗಡ್ಡೆಯಾಗಿ ಚಕ್ರ ನೆಲಕ್ಕೆ ಅಂಟಿಕೊಳ್ಳುವುದಿಲ್ಲ. ಜಾಕಿ ಕೊಟ್ಟು ಕಾರನ್ನು ಎತ್ತಿ ನಿಲ್ಲಿಸಬೇಕು ಅನ್ನುವವರಿದ್ದಾರೆ. ಒಂದು ಚಳಿಗಾಲಕ್ಕೆ, ಅದೂ ಬಯಲಲ್ಲಿ, ನಾನಂತೂ ಹಾಗೆ ಮಾಡಲ್ಲ. ಮಣ್ಣು ಹೆಪ್ಪುಗಟ್ಟಿ ಕರಗುವಾಗ ಸ್ಟ್ಯಾಂಡು ವಾಲಿದರೆ ಗತಿಯೇನು?

ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಬಹಳ ಜನ ತಪ್ಪುವುದು ಇಲ್ಲೇ. ಎಳೆದಾಗ ಬ್ರೇಕಿನ ಪ್ಯಾಡು ಡಿಸ್ಕಿಗೆ, ಇಲ್ಲವೇ ಶೂ ಡ್ರಮ್ಮಿಗೆ ಒತ್ತಿಕೊಂಡೇ ಇರುತ್ತದೆ. ನಡುವೆ ಸಿಕ್ಕ ತೇವ ಗಡ್ಡೆಯಾದರೆ ಒಂದು ಅಂಟು, ತುಕ್ಕಾದರೆ ಇನ್ನೊಂದು ಅಂಟು. ಎರಡು ತಿಂಗಳಾದ ಮೇಲೆ ಬ್ರೇಕ್ ಬಿಟ್ಟರೂ ಚಕ್ರ ತಿರುಗುವುದಿಲ್ಲ. ಕೇಬಲ್ಲೇ ಹಿಡಿದುಕೊಳ್ಳುವುದೂ ಉಂಟು. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಗೇರಿನಲ್ಲಿ ಬಿಡಿ, ಆಟೋಮ್ಯಾಟಿಕ್ ಆದರೆ 'ಪಿ'ಯಲ್ಲಿ. ಚಕ್ರದ ಹಿಂದೆ ಮುಂದೆ ಗಟ್ಟಿ ಕಲ್ಲು ಕೊಡಿ. ಬಟನ್ ಒತ್ತಿ ಹಾಕುವ ಹ್ಯಾಂಡ್‌ಬ್ರೇಕ್ ಇದ್ದರೆ, ಎಂಜಿನ್ ಆಫ್ ಮಾಡಿದಾಗ ಅದು ತಾನಾಗಿ ಹಿಡಿದುಕೊಳ್ಳುತ್ತದಾ ಎಂದು ಕಾರಿನ ಕೈಪಿಡಿಯಲ್ಲಿ ನೋಡಿ.

ತೊಳೆಯುವುದು, ಓಡಿಸುವುದು, ನಿಲ್ಲಿಸುವುದು: ಇದೇ ಸಾಲಿನಲ್ಲಿ

ತುಕ್ಕಿಗೆ ಬೇಕಾದದ್ದು ಕಬ್ಬಿಣ, ಗಾಳಿ, ನೀರು. ಉಪ್ಪು ಸೇರಿದರೆ ವೇಗ ಹೆಚ್ಚುತ್ತದೆ. ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ಕಡೆ ಕಾರಿನ ಕೆಳಭಾಗವೆಲ್ಲ ಉಪ್ಪಿನ ಪದರ ಕಟ್ಟಿರುತ್ತದೆ. ಗಟ್ಟಿ ಉಪ್ಪುನೀರು ಸುಮಾರು ಮೈನಸ್ 21 ಡಿಗ್ರಿವರೆಗೂ ನೀರಾಗಿಯೇ ಇರಬಲ್ಲದು. ಅಂದರೆ ಸುತ್ತಲೂ ಎಲ್ಲ ಹೆಪ್ಪುಗಟ್ಟಿದ್ದರೂ ಉಪ್ಪು ಮೆತ್ತಿದ ಕಡೆ ತುಕ್ಕಿನ ಕೆಲಸ ನಿಲ್ಲುವುದಿಲ್ಲ. ಉಪ್ಪು ಗಾಳಿಯಿಂದ ತೇವವನ್ನೂ ಎಳೆದುಕೊಳ್ಳುತ್ತದೆ. ಹಾಗಾಗಿ ಬಾಡಿಗಿಂತ ಮೊದಲು ಅಡಿಭಾಗ ತೊಳೆಸಿ. ಮಡ್‌ಗಾರ್ಡಿನ ಒಳಗಿನ ಅಂಚಿಗೆ ಬೆರಳು ಹಾಕಿ ನೋಡಿ, ಒದ್ದೆ ಮಣ್ಣು ಕೈಗೆ ಮೆತ್ತುತ್ತದೆ. ಅದು ಸ್ಪಂಜಿನಂತೆ ತಿಂಗಳುಗಟ್ಟಲೆ ತೇವ ಹಿಡಿದಿಟ್ಟುಕೊಳ್ಳುವ ಜಾಗ. ಹಕ್ಕಿ ಹಿಕ್ಕೆ, ಮರದ ಅಂಟು ಬಣ್ಣವನ್ನು ತಿನ್ನುತ್ತವೆ, ಅವೂ ಹೋಗಬೇಕು. ಆಮೇಲೆ ವ್ಯಾಕ್ಸ್ ಹಚ್ಚಿ.

ತೊಳೆದ ಕಾರನ್ನು ಹಾಗೇ ನಿಲ್ಲಿಸಬೇಡಿ. ಅರ್ಧ ಗಂಟೆ ಓಡಿಸಿ. ಬ್ರೇಕು ಒಣಗಲಿ, ಸೈಲೆನ್ಸರ್ ಕಾಯಲಿ, ಸಂದುಗೊಂದಿನ ನೀರು ಹಾರಿಹೋಗಲಿ. ಅಲ್ಲಿಂದ ನೇರ ಬಂದು ನಿಲ್ಲಿಸಿ. ಬಾಗಿಲಿನ ಸುತ್ತಲಿನ ರಬ್ಬರು ಒರೆಸಿ ಸಿಲಿಕೋನ್ ಸವರಿ, ಆಗ ಬಾಗಿಲು ಗಡ್ಡೆಕಟ್ಟಿ ಅಂಟುವುದಿಲ್ಲ. ವೈಪರಿನಡಿ ಒಂದು ಬಟ್ಟೆ ತುಂಡು ಇಡಿ.

ಜಾಗ ಆರಿಸುವ ಅವಕಾಶವಿದ್ದರೆ ಸಿಮೆಂಟು ಅಥವಾ ಡಾಂಬರು ನೆಲ ಒಳ್ಳೆಯದು, ಜಲ್ಲಿ ಪರವಾಗಿಲ್ಲ, ಹುಲ್ಲು ಬೇಡ. ಹುಲ್ಲು, ಮಣ್ಣಿನಿಂದ ತೇವ ಏಳುತ್ತಲೇ ಇರುತ್ತದೆ. ಮಣ್ಣೇ ಗತಿ ಎಂದಾದರೆ ಕಾರಿನಡಿ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ. ಇಳಿಜಾರು ಸೂರಿನ ಅಂಚಿನ ಕೆಳಗೆ ನಿಲ್ಲಿಸಬೇಡಿ, ಹಿಮದ ರಾಶಿ ಒಮ್ಮೆಲೇ ಜಾರಿ ಬೀಳುತ್ತದೆ. ಮರದ ಕೆಳಗೂ ಬೇಡ, ಹಿಮದ ಭಾರಕ್ಕೆ ಕೊಂಬೆ ಮುರಿಯುತ್ತದೆ.

ಕವರ್ ಹಾಕಬೇಕಾ?

ಹಾಕುವುದಾದರೆ ಗಾಳಿಯಾಡುವ ಕವರೇ ಆಗಬೇಕು. ಪ್ಲಾಸ್ಟಿಕ್ ಟಾರ್ಪಾಲು ನೋಡಲು ಭದ್ರ ಅನ್ನಿಸುತ್ತದೆ, ಮಳೆ ಒಳಗೆ ಬರುವುದಿಲ್ಲ ನಿಜ. ಆದರೆ ನೆಲದಿಂದ ಎದ್ದ ತೇವ ಹೊರಗೂ ಹೋಗುವುದಿಲ್ಲ. ಹಗಲು ಬಿಸಿಲಿಗೆ ಆವಿ, ರಾತ್ರಿ ಚಳಿಗೆ ಹನಿ. ಬಿಸಿ ಊಟದ ಡಬ್ಬಿಗೆ ಮುಚ್ಚಳ ಹಾಕಿದಾಗ ಒಳಗೆ ಬೆವರುತ್ತದಲ್ಲ, ಹಾಗೆ ಕಾರು ತಿಂಗಳುಗಟ್ಟಲೆ ಬೆವರಿನಲ್ಲೇ ಇರುತ್ತದೆ. ಗಾಳಿಯಾಡುವ ಬಟ್ಟೆ ಮೇಲಿನ ನೀರನ್ನು ತಡೆದು ಆವಿಯನ್ನು ಹೊರಗೆ ಬಿಡುತ್ತದೆ.

ಕವರ್ ಸಡಿಲವಾಗಿದ್ದರೆ ಇನ್ನೊಂದು ತೊಂದರೆ. ಗಾಳಿಗೆ ಪಟಪಟ ಬಡಿಯುತ್ತಾ ಬಣ್ಣವನ್ನು ಉಜ್ಜುತ್ತಲೇ ಇರುತ್ತದೆ. ಅಡಿಯಲ್ಲಿ ಒಂದು ಹಿಡಿ ದೂಳಿದ್ದರೂ ಅದು ಮರಳುಕಾಗದವೇ. ಕಾರಿನ ಅಳತೆಗೆ ಸರಿಯಾದ ಕವರ್, ಹೊಟ್ಟೆಯ ಕೆಳಗಿಂದ ಬಿಗಿಯುವ ಪಟ್ಟಿ, ಕೆಳಗೆ ಚೊಕ್ಕವಾದ ಒಣಗಿದ ಕಾರು, ಈ ಮೂರೂ ಇದ್ದರೆ ಮಾತ್ರ ಹಾಕಿ. ಜೋರು ಗಾಳಿಯ ಜಾಗದಲ್ಲಿ, ಬಂದು ನೋಡುವವರೂ ಇಲ್ಲದಿದ್ದರೆ, ವ್ಯಾಕ್ಸ್ ಹಚ್ಚಿ ಬರಿ ಮೈಯಲ್ಲಿ ಬಿಡುವುದೇ ಮೇಲು ಎಂದು ನನಗನ್ನಿಸುತ್ತದೆ.

ಒಳಗಿನ ತೇವ, ಒಳಗೆ ಬರುವ ಇಲಿ

ಕಾರ್ಪೆಟ್ ಮುಟ್ಟಿ ನೋಡಿ. ಒದ್ದೆಯಿದ್ದರೆ ಪೂರ್ತಿ ಒಣಗಿಸಿಯೇ ಬಾಗಿಲು ಹಾಕಿ. ವೈಪರಿನ ಕೆಳಗಿನ ಜಾಲರಿಯಲ್ಲಿ ಎಲೆ ಸಿಕ್ಕಿಕೊಂಡಿದ್ದರೆ ತೆಗೆಯಿರಿ, ನೀರು ಹೋಗುವ ದಾರಿ ಅಲ್ಲಿದೆ. ಅದು ಕಟ್ಟಿಕೊಂಡರೆ ಕರಗಿದ ಹಿಮವೆಲ್ಲ ಕಾಲಿಡುವ ಜಾಗಕ್ಕೆ ಇಳಿಯುತ್ತದೆ. ಸನ್‌ರೂಫ್‌ಗೂ ಇಂಥ ತೂತುಗಳಿವೆ. ಒಳಗೆ ತೇವ ಹೀರಲು ಸಿಲಿಕಾ ಜೆಲ್ ಚೀಲಗಳನ್ನು ಇಡಿ. ನೀರಾಗಿ ಡಬ್ಬಿ ತುಂಬುವ ಬಗೆಯ ಪುಡಿಗಳೂ ಸಿಗುತ್ತವೆ. ಅವು ಚೆಲ್ಲಿದರೆ ಉಪ್ಪುನೀರೇ, ಕಾರಿನಲ್ಲಿ ಬೇಡ.

ಇಲಿಗೆ ಚಳಿಗಾಲದಲ್ಲಿ ಎಂಜಿನ್ನಿನ ಗೂಡು ಹೇಳಿ ಮಾಡಿಸಿದ ಮನೆ. ಗಾಳಿಯಿಲ್ಲ, ಹಿಮವಿಲ್ಲ, ಬಾನೆಟ್ಟಿನ ಒಳಪದರ ಕಚ್ಚಿ ಎಳೆದರೆ ಹಾಸಿಗೆಯೂ ಸಿದ್ಧ. ಒಮ್ಮೆ ಏರ್ ಫಿಲ್ಟರಿನ ಡಬ್ಬಿ ತೆಗೆದಾಗ ಒಳಗೆ ಬೂದು ಹತ್ತಿಯ ಉಂಡೆ ಕಂಡಿತ್ತು. ನಡುವೆ ಮುಷ್ಟಿ ಗಾತ್ರದ ಗುಳಿ, ಪಕ್ಕದಲ್ಲಿ ಸಿಪ್ಪೆ ಸುಲಿದ ಕಾಳುಗಳು. ತಂತಿ ಕಡಿದಿರಲಿಲ್ಲ, ಅದು ನನ್ನ ಅದೃಷ್ಟ. ತಂತಿ ಕಡಿದರೆ ಎಲ್ಲಿ ಕಡಿದಿದೆ ಎಂದು ಹುಡುಕುವುದೇ ದೊಡ್ಡ ಕೆಲಸ.

ಕಾರಿನೊಳಗೆ ತಿನ್ನುವ ಚೂರೂ ಇರಬಾರದು. ಎಸಿಯನ್ನು ಹೊರಗಿನ ಗಾಳಿ ಬರದಂತೆ ಇಟ್ಟು ಆಫ್ ಮಾಡಿ, ಆ ದಾರಿ ಮುಚ್ಚಿಕೊಳ್ಳುತ್ತದೆ. ಎಂಜಿನ್ ಗಾಳಿ ಎಳೆಯುವ ಬಾಯಿಗೂ ಸೈಲೆನ್ಸರಿನ ತುದಿಗೂ ಸಣ್ಣ ಕಣ್ಣಿನ ತಂತಿ ಜಾಲರಿ ಕಟ್ಟಿ. ಕಟ್ಟಿದ್ದನ್ನು ಮರೆತು ಸ್ಟಾರ್ಟ್ ಮಾಡಬಾರದಲ್ಲ, ಅದಕ್ಕೆ ಒಂದು ಚೀಟಿಯಲ್ಲಿ ಬರೆದು ಸ್ಟೇರಿಂಗಿಗೆ ಕಟ್ಟಿಡಿ. ನುಸಿಗುಳಿಗೆ, ಪುದೀನ ಎಣ್ಣೆ ಅಂತೆಲ್ಲ ಹೇಳುತ್ತಾರೆ. ಅವನ್ನೇ ನಂಬಿ ಕೂರಬೇಡಿ. ಇಲಿ ಹೋದರೂ ನುಸಿಗುಳಿಗೆಯ ವಾಸನೆ ಸೀಟಿನಿಂದ ಹೋಗುವುದಿಲ್ಲ.

ಎಲೆಕ್ಟ್ರಿಕ್ ಕಾರಾದರೆ

ದೊಡ್ಡ ಲಿಥಿಯಂ ಬ್ಯಾಟರಿಯನ್ನು ಪೂರ್ತಿ ತುಂಬಿಸಿ ತಿಂಗಳುಗಟ್ಟಲೆ ಬಿಡುವುದೂ ಒಳ್ಳೆಯದಲ್ಲ, ಖಾಲಿ ಬಿಡುವುದೂ ಒಳ್ಳೆಯದಲ್ಲ. ಸುಮಾರು ಅರ್ಧ ಚಾರ್ಜ್ ಹಿತ. ಪ್ಲಗ್ಗಿಗೆ ಹಾಕಿಯೇ ಬಿಡಿ ಎಂದು ಕೆಲವು ಕಂಪನಿಗಳು ಹೇಳುತ್ತವೆ, ಅಂಥಲ್ಲಿ ಮಿತಿಯನ್ನು ಅಷ್ಟಕ್ಕೇ ನಿಲ್ಲಿಸಿ. ಸುತ್ತ ನೋಡುತ್ತಾ ಕಾವಲು ಕಾಯುವ ಕ್ಯಾಮೆರಾ ಇದ್ದರೆ ಆಫ್ ಮಾಡಿ. ಫೋನಿನ ಆ್ಯಪ್‌ನಲ್ಲಿ ಪದೇಪದೇ ಇಣುಕಿದರೂ ಕಾರು ಎಚ್ಚರವಾಗುತ್ತದೆ, ಪ್ರತಿ ಸಲವೂ ಕೊಂಚ ಚಾರ್ಜ್ ಹೋಗುತ್ತದೆ. ಇವುಗಳಲ್ಲೂ ಸಾಮಾನ್ಯವಾಗಿ ಸಣ್ಣ 12 ವೋಲ್ಟ್ ಬ್ಯಾಟರಿ ಇದ್ದೇ ಇರುತ್ತದೆ. ಅದು ಸತ್ತರೆ ದೊಡ್ಡದು ತುಂಬಿದ್ದರೂ ಕಾರು ಏಳುವುದಿಲ್ಲ.

ಮತ್ತೆ ಹೊರಡುವ ದಿನ

ಗಾಜಿನ ಮೇಲೆ ಮಂಜುಗಡ್ಡೆಯಿದ್ದರೆ ಬಿಸಿ ನೀರು ಸುರಿಯಬೇಡಿ, ಗಾಜು ಸೀಳುತ್ತದೆ. ಮೊದಲು ಕಾರಿನಡಿ ಬಗ್ಗಿ ನೋಡಿ, ಏನಾದರೂ ಸೋರಿದೆಯಾ ಎಂದು. ಬಾನೆಟ್ ಎತ್ತಿ ಗೂಡು ಹುಡುಕಿ, ಕಟ್ಟಿದ ಜಾಲರಿ ಬಿಚ್ಚಿ. ಆಯಿಲ್, ಕೂಲಂಟ್ ಮಟ್ಟ ನೋಡಿ. ಬ್ಯಾಟರಿಯ ಪಕ್ಕ ಉಬ್ಬಿಲ್ಲ ಎಂದು ಖಾತ್ರಿಯಾದ ಮೇಲೆ ಜೋಡಿಸಿ, ಕೊನೆಗೆ ಮೈನಸ್. ಕೀಯನ್ನು ಆನ್ ಮಾಡಿ ಕೆಲವು ಸೆಕೆಂಡು ತಡೆದು ಆಮೇಲೆ ಸೆಲ್ಫ್ ಹೊಡೆಯಿರಿ, ಪಂಪು ಇಂಧನವನ್ನು ಮುಂದಕ್ಕೆ ತಳ್ಳಿರುತ್ತದೆ. ಸ್ಟಾರ್ಟ್ ಆದ ತಕ್ಷಣ ಆಕ್ಸಿಲರೇಟರ್ ಒತ್ತಬೇಡಿ. ಆಯಿಲ್ ಮೇಲೇರಲು ಅರ್ಧ ನಿಮಿಷ ಕೊಡಿ.

ಕಲ್ಲು ತೆಗೆದು ಮೆಲ್ಲಗೆ ಮುಂದೆ ಬಿಡಿ. 'ಟಕ್' ಎಂದು ಒಂದು ಸದ್ದು ಬಂದು ಚಕ್ರ ಬಿಡಿಸಿಕೊಳ್ಳಬಹುದು. ಮೊದಲ ಕೆಲವು ಸಲ ಬ್ರೇಕ್ ಒತ್ತಿದಾಗ ಕರಕರ ಅನ್ನುತ್ತದೆ, ಡಿಸ್ಕಿನ ಮೇಲೆ ಕೂತ ತೆಳು ತುಕ್ಕು ಉಜ್ಜಿ ಹೋಗುವ ಸದ್ದು ಅದು. ನಾಲ್ಕಾರು ಸಲ ಮೆತ್ತಗೆ ಒತ್ತಿದರೆ ನಿಲ್ಲುತ್ತದೆ. ನಿಲ್ಲದಿದ್ದರೆ, ಅಥವಾ ಕಾರು ಒಂದು ಪಕ್ಕಕ್ಕೆ ಎಳೆದರೆ ಮುಂದೆ ಹೋಗದೆ ಮೆಕ್ಯಾನಿಕ್‌ಗೆ ತೋರಿಸಿ. ಹತ್ತಿರದ ಬಂಕಿನಲ್ಲಿ ಟೈರಿನ ಗಾಳಿಯನ್ನು ಮಾಮೂಲಿ ಅಂಕಿಗೆ ತನ್ನಿ.

ಸೈಲೆನ್ಸರಿನ ತುದಿಯಿಂದ ನೀರು ತೊಟ್ಟಿಕ್ಕುತ್ತದೆ, ಬಿಳಿ ಆವಿಯೂ ಬರುತ್ತದೆ. ಗಾಬರಿಯಾಗಬೇಡಿ, ಎಂಜಿನ್ನಿನಲ್ಲಿ ಹುಟ್ಟಿದ ನೀರು ತಣ್ಣನೆಯ ಪೈಪಿನಲ್ಲಿ ಹನಿಯಾಗಿ ಬರುತ್ತಿದೆ ಅಷ್ಟೇ. ಅದು ಪೂರ್ತಿ ನಿಲ್ಲುವವರೆಗೆ ಓಡಿಸಿಕೊಂಡು ಬನ್ನಿ.